ಯೂನಿಯನ್ ಕಟ್ಟೋಕೆ ಕರೀತಿದ್ದಾರೆ, ಕಂಪನಿ ಕೆಲಸ ಬಿಟ್ಟು ಹೋಗ್ಲಾ?

ಓದುಗರ ಪ್ರಶ್ನೆ: ಸರ್, ನಾನು ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಒಂದು ಕಂಪನಿಯಲ್ಲಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೀನಿ, ಅಮೆರಿಕದ ಇನ್ಷೂರೆನ್ಸ್ ಕ್ಲೇಮ್ ನೋಡೋ ಪ್ರಾಸೆಸ್. ಊರು ಹಾಸನದ ಹತ್ರ. ಹೋದ ವರ್ಷ ಟೀಮ್ ಲೀಡ್ ಮಾಡಿದ್ರು, ಸಂಬಳ 58 ಸಾವಿರ. ಈಚೆಗೆ ಒಬ್ಬೊಬ್ಬರನ್ನೇ ಮೀಟಿಂಗ್ ರೂಮಿಗೆ ಕರೆದು ರಿಸೈನ್ ಮಾಡಿ ಅಂತಿದ್ದಾರೆ, ನನ್ನ ಟೀಮಲ್ಲೇ ನಾಲ್ಕು ಜನ ಹೋದ್ರು. ಒಬ್ಬಳ ಪರವಾಗಿ ನಾನೇ ಒಂದು ಐಟಿ ನೌಕರರ ಯೂನಿಯನ್ನಿಗೆ ಫೋನ್ ಮಾಡ್ದೆ, ಅವರು ಲೇಬರ್ ಆಫೀಸಿಗೆ ಅರ್ಜಿ ಹಾಕ್ಸಿದ್ರು, ಅವಳಿಗೆ ಮೂರು ತಿಂಗಳ ಸಂಬಳ ಸಿಕ್ತು. ಈಗ ಅವರು ನಿಮ್ಮ ಕಂಪನಿಯಲ್ಲಿ ಯೂನಿಟ್ ಕಟ್ಟಿ, ಆದ್ರೆ ಫುಲ್‌ಟೈಮ್ ಬನ್ನಿ ಅಂತಿದ್ದಾರೆ. ಮನೇಲಿ ಗೊತ್ತಾಗಿ ದೊಡ್ಡ ರಾದ್ಧಾಂತ ಆಗಿದೆ. ಐಟಿಯಲ್ಲಿ ಯೂನಿಯನ್ ಮಾಡೋ ಹಾಗೇ ಇಲ್ಲ ಅಂತಾರೆ ಅಪ್ಪ. ಕೆಂಪು ಬಾವುಟ ಹಿಡಿದ ಹುಡುಗಿಯನ್ನ ಯಾರು ಮದುವೆ ಆಗ್ತಾರೆ ಅಂತಾರೆ ಅಮ್ಮ. ಐಟಿ ಕಂಪನಿಗಳ ಸಂಘ ನಾಸ್ಕಾಂನಲ್ಲಿ ಬ್ಲಾಕ್‌ಲಿಸ್ಟ್ ಆಗ್ತೀಯ, ಇನ್ನೆಲ್ಲೂ ಕೆಲಸ ಸಿಗಲ್ಲ ಅಂತಿದ್ದಾರೆ ಫ್ರೆಂಡ್ಸು. ಯೂನಿಯನ್ ಪದಾಧಿಕಾರಿ ಅಂದ್ರೆ ದಿನಾ ಏನು ಕೆಲಸ ಇರುತ್ತೆ? ನಾನು ಹೋಗಬಹುದಾ?

ಉತ್ತರ:

ಕಾನೂನು ಬಿಡುತ್ತಾ, ಹೆಸರು ಕೆಡುತ್ತಾ, ಈ ಕೆಲಸ ನನ್ನ ಕೈಲಿ ಆಗುತ್ತಾ ಅನ್ನೋ ಮೂರೂ ಪ್ರಶ್ನೇನ ನೀವು ಒಂದೇ ಉಸಿರಲ್ಲಿ ಕೇಳಿದ್ದೀರಿ. ಮೊದಲೆರಡಕ್ಕೆ ಉತ್ತರ ಸುಲಭ, ಮೂರನೇದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೆ ಅದನ್ನೇ ಜಾಸ್ತಿ ಬರೀತೀನಿ. ನಾನು ಬ್ಯಾಂಕ್ ಕ್ಲರ್ಕ್ ಆಗಿ ಸೇರಿದವನು, ಯೂನಿಯನ್ ಪದಾಧಿಕಾರಿಯಾಗೇ ಸರ್ವೀಸಿನ ಮುಕ್ಕಾಲು ಭಾಗ ಕಳೆದೆ, ರಿಟೈರ್ ಆದ್ಮೇಲೆ ಖಾಸಗಿ ಆಫೀಸಿನವರ ಕೇಸ್‌ಗಳನ್ನ ನೋಡ್ತಿದ್ದೀನಿ.

ನಿಮ್ಮಪ್ಪ ಹೇಳೋದು ತಪ್ಪು, ಆದ್ರೆ ಆ ತಪ್ಪು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕರ್ನಾಟಕ ಸರ್ಕಾರ 2014ರಲ್ಲಿ, ಆಮೇಲೆ 2019ರಲ್ಲಿ, ಮತ್ತೆ 2024ರಲ್ಲಿ ಐಟಿ ಬಿಪಿಓ ಕಂಪನಿಗಳಿಗೆ ಐದೈದು ವರ್ಷ ವಿನಾಯಿತಿ ಕೊಡ್ತು. ಯಾವುದರಿಂದ ಅಂದ್ರೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಮಾತ್ರ. ಅಂದ್ರೆ ರಜೆ, ಶಿಸ್ತುಕ್ರಮ, ವಜಾ ಇದಕ್ಕೆಲ್ಲ ಲಿಖಿತ ನಿಯಮ ಮಾಡಿ ಸರ್ಕಾರದಿಂದ ಸರ್ಟಿಫೈ ಮಾಡಿಸ್ಬೇಕಲ್ಲ, ಅದೊಂದು ಬೇಡ ಅಂತ. ಇದನ್ನೇ ಜನ ಐಟಿಗೆ ಕಾರ್ಮಿಕ ಕಾನೂನೇ ಇಲ್ಲ ಅಂತ ಮಾಡ್ಕೊಂಡ್ರು, ಎಚ್‌ಆರ್‌ನವರೂ ಪಾಪ ಯಾರನ್ನೂ ತಿದ್ದೋಕೆ ಹೋಗ್ಲಿಲ್ಲ. ಸಂಘ ಕಟ್ಟೋ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ, ಟ್ರೇಡ್ ಯೂನಿಯನ್ ಕಾಯ್ದೆ 1926ರಲ್ಲೇ ಬಂತು, ಈಗ ಅದರ ಜಾಗದಲ್ಲಿ ಇಂಡಸ್ಟ್ರಿಯಲ್ ರಿಲೇಶನ್ಸ್ ಕೋಡ್ ಅನ್ನೋ ಹೊಸ ಕಾರ್ಮಿಕ ಕಾನೂನು ಇದೆ, ಕರ್ನಾಟಕದಲ್ಲಿ ಐಟಿ ನೌಕರರ ಯೂನಿಯನ್ ಕೀಟು 2017ರಲ್ಲೇ ಶುರುವಾಯ್ತು. ಇನ್ನೂ ಹಿಂದೆ ಹೋಗಿ, 'ಇಂಡಸ್ಟ್ರಿ' ಅಂದ್ರೆ ಬರೀ ಫ್ಯಾಕ್ಟರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲಿ ದೊಡ್ಡ ತೀರ್ಪು ಕೊಟ್ಟಿದ್ದೇ ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿ ಕೇಸಲ್ಲಿ. ಟೈ ಕಟ್ಕೊಂಡೋರು ಯೂನಿಯನ್ ಮಾಡೋದು ಹೊಸದೇನಲ್ಲ, ಬ್ಯಾಂಕ್ ನೌಕರರ ಅಖಿಲ ಭಾರತ ಸಂಘ ಹುಟ್ಟಿದ್ದು 1946ರಲ್ಲಿ, ಮ್ಯಾನೇಜ್‌ಮೆಂಟ್ ಜೊತೆ ಮೊದಲ ದ್ವಿಪಕ್ಷೀಯ ಒಪ್ಪಂದ 1966ರಲ್ಲಿ, 12ನೇದು 2024ರ ಮಾರ್ಚಲ್ಲಿ ಆಯ್ತು. ಬ್ಯಾಂಕಲ್ಲಿ ಕೆಲಸ ಮಾಡೋ ಹುಡುಗೀರಿಗೆ ಮದುವೆ ಆಗ್ತಾನೇ ಇದೆ ಅಂತ ಅಮ್ಮಂಗೆ ಹೇಳಿ.

ಇನ್ನು ಬ್ಲಾಕ್‌ಲಿಸ್ಟ್. ನಾಸ್ಕಾಂ ಹೆಸರಲ್ಲಿ ಜನ ಹೆದರಿಸೋದು ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಇಟ್ಕೊಂಡು, ಅದು ನಿಮ್ಮ ಓದು, ಹಿಂದಿನ ಕೆಲಸದ ವಿವರ ವೆರಿಫೈ ಮಾಡೋ ಡೇಟಾಬೇಸು, ಅದರಲ್ಲಿ ಯೂನಿಯನ್ ಮೆಂಬರಾ ಅಂತ ಕಾಲಂ ಇಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಕೇಳೋದು ಸೇರಿದ ತಾರೀಖು, ಬಿಟ್ಟ ತಾರೀಖು, ಡೆಸಿಗ್ನೇಶನ್, ಯಾಕೆ ಬಿಟ್ರು, ವಾಪಸ್ ತಗೋತೀರಾ, ಇಷ್ಟೇ. ಅಪಾಯ ಇರೋದು ಈ ಕೊನೇ ಎರಡರಲ್ಲಿ. ಜಗಳ ಆಡಿ ಹೊರಗೆ ಬಂದ್ರೆ ರಿಲೀವಿಂಗ್ ಲೆಟರ್ ತಡ ಮಾಡ್ತಾರೆ, ಇನ್ನೊಂದು ಕಂಪನಿ ಎಚ್‌ಆರ್ ಫೋನ್ ಮಾಡಿದಾಗ 'ಹುಡುಗಿ ಸ್ವಲ್ಪ ಡಿಫಿಕಲ್ಟು' ಅಂತ ಒಂದು ಮಾತು ಬಿಡ್ತಾರೆ. ಅದನ್ನ ಯಾವ ಕಾಯ್ದೇನೂ ತಡೆಯೋಕಾಗಲ್ಲ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯೋದು ಅನ್‌ಫೇರ್ ಲೇಬರ್ ಪ್ರಾಕ್ಟೀಸು, ಹೊಸ ಕೋಡಲ್ಲಿ ಅದಕ್ಕೆ 10 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ, ಆದ್ರೆ ಟರ್ಮಿನೇಶನ್ ಲೆಟರಲ್ಲಿ 'ಯೂನಿಯನ್ ಸೇರಿದ್ದಕ್ಕೆ' ಅಂತ ಬರೆದಿರೋದನ್ನ ನಾನಂತೂ ಒಂದೂ ನೋಡಿಲ್ಲ. ಪರ್ಫಾರ್ಮೆನ್ಸ್ ಅಂತ ಇರುತ್ತೆ, ಇಲ್ಲ ರೋಲ್ ರಿಡಂಡೆಂಟ್ ಅಂತ, ಇಲ್ಲ ಕಂಪನಿ ಡೇಟಾ ಹೊರಗೆ ಕಳ್ಸಿದ್ರು ಅಂತ. ಈ ಕೊನೇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಮುಂದೆ ಹೇಳ್ತೀನಿ.

ನೀವು ಟೀಮ್ ಲೀಡ್ ಅಂದ್ರಲ್ಲ, ಅದು ಮುಖ್ಯ. 2025ರ ನವೆಂಬರ್ 21ರಿಂದ ಇಂಡಸ್ಟ್ರಿಯಲ್ ರಿಲೇಶನ್ಸ್ ಕೋಡ್ ಬಂದಿದೆ, ಅದರಲ್ಲಿ ಸೂಪರ್‌ವೈಸರ್ ಕೆಲಸ ಮಾಡ್ತಾ 18 ಸಾವಿರಕ್ಕಿಂತ ಜಾಸ್ತಿ ಸಂಬಳ ತಗೋಳೋರು 'ವರ್ಕರ್' ಲೆಕ್ಕಕ್ಕೆ ಬರಲ್ಲ, ಹಳೇ ಕಾಯ್ದೆಯಲ್ಲಿ ಈ ಮಿತಿ 10 ಸಾವಿರ ಇತ್ತು. ಕ್ಲರಿಕಲ್, ಟೆಕ್ನಿಕಲ್ ಕೆಲಸದವರಿಗೆ ಮಾತ್ರ ಸಂಬಳದ ಮಿತಿಯೇ ಇಲ್ಲ. ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಕೋಬೇಕು. ಯೂನಿಯನ್ ಸೇರೋಕೆ ಪದಾಧಿಕಾರಿ ಆಗೋಕೆ ಉದ್ಯಮದಲ್ಲಿ ಕೆಲಸ ಮಾಡೋ ಯಾರಾದ್ರೂ ಆಗುತ್ತೆ, ಲೀಡ್ ಆದ್ರೂ ಮ್ಯಾನೇಜರ್ ಆದ್ರೂ. ಆದ್ರೆ ನಿಮ್ಮನ್ನೇ ಕೆಲಸದಿಂದ ತೆಗೆದ್ರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಹತ್ರ, ಟ್ರಿಬ್ಯೂನಲ್ ಹತ್ರ ಹೋಗೋಕೆ ನೀವು ವರ್ಕರ್ ಅಂತ ಸಾಬೀತು ಮಾಡ್ಬೇಕು. ಆಗ ಕಾರ್ಡಲ್ಲಿರೋ ಡೆಸಿಗ್ನೇಶನ್ ಮುಖ್ಯ ಆಗಲ್ಲ, ದಿನಾ ಏನು ಕೆಲಸ ಮಾಡ್ತೀರಿ ಅನ್ನೋದು ಮುಖ್ಯ. ರಜೆ ಅಪ್ರೂವ್ ಮಾಡೋ ಅಧಿಕಾರ ನಿಮಗಿದ್ಯಾ, ಅಪ್ರೈಸಲ್ ರೇಟಿಂಗ್ ಫೈನಲ್ ಮಾಡೋದು ನೀವಾ, ಇಲ್ಲ ನೀವೂ ಎಲ್ಲರ ಥರ ಕ್ಲೇಮ್ ನೋಡ್ತಾ ಸಾಯಂಕಾಲ ಒಂದು ರಿಪೋರ್ಟ್ ಕಳಿಸ್ತೀರಾ? ಚೆನ್ನೈನಲ್ಲಿ 2015ರಲ್ಲಿ ಕೆಲಸ ಕಳ್ಕೊಂಡ ಒಬ್ಬ ಐಟಿ ಉದ್ಯೋಗಿಯನ್ನ ವಾಪಸ್ ತಗೋಳಿ ಅಂತ ಅಲ್ಲಿನ ಲೇಬರ್ ಕೋರ್ಟ್ 2022ರಲ್ಲಿ ಹೇಳ್ತು, ಕಂಪನಿ ವಾದ ಇದೇ ಇತ್ತು, ಅವರು ಮ್ಯಾನೇಜರ್ ಮಟ್ಟದವರು ಅಂತ. ಗೆದ್ರು ನಿಜ, ಏಳು ವರ್ಷ ಹಿಡೀತು ಅನ್ನೋದನ್ನೂ ನೋಡಿ. ನಿಮ್ಮ ದಿನದ ಕೆಲಸ ಏನು ಅಂತ ಈಗಿಂದಾನೇ ಒಂದು ಡೈರಿಯಲ್ಲಿ ಕೈಯಲ್ಲೇ ಬರೀತಾ ಬನ್ನಿ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ದಿನಾ ಏನು ಕೆಲಸ.

ಹೊರಗಿನವರಿಗೆ ಕಾಣೋದು ಫ್ರೀಡಂ ಪಾರ್ಕು, ಮೈಕು, ಬ್ಯಾನರ್ರು. ಅದು ವರ್ಷಕ್ಕೆ ನಾಕು ಸಲ ಬರಬಹುದು. 2024ರಲ್ಲಿ ಐಟಿಯವರ ಕೆಲಸದ ದಿನವನ್ನ 14 ಗಂಟೆವರೆಗೆ ಎಳೆಯೋ ಪ್ರಸ್ತಾಪ ಬಂದಾಗ ಆಯ್ತಲ್ಲ, ಆ ಥರದ್ದು. ಉಳಿದ ದಿನ ಎಲ್ಲಾ ಫೋನು ಮತ್ತೆ ಕಾಗದ. ರಾತ್ರಿ ಹತ್ತೂವರೆಗೆ ಫೋನ್ ಬರುತ್ತೆ, ಶಿಫ್ಟ್ ಕ್ಯಾಬಲ್ಲಿ ಕೂತ್ಕೊಂಡು ಪಿಸುಮಾತಲ್ಲಿ ಮಾತಾಡ್ತಾರೆ, 'ಸರ್ ನಾಳೆ ಹನ್ನೊಂದಕ್ಕೆ ಎಚ್‌ಆರ್ ಮೀಟಿಂಗ್ ಇನ್ವೈಟ್ ಬಂದಿದೆ, ಸಬ್ಜೆಕ್ಟಲ್ಲಿ ಬರೀ ಕನೆಕ್ಟ್ ಅಂತಿದೆ' ಅಂತ. ಆ ಫೋನಲ್ಲಿ ಅರ್ಧ ಗಂಟೆ ಅವರ ಅಳು ಕೇಳ್ಬೇಕು, ಹೋಮ್ ಲೋನ್ ಎಷ್ಟು, ಮಗೂಗೆ ಸ್ಕೂಲ್ ಫೀಸ್ ಯಾವಾಗ ಕಟ್ಬೇಕು ಅಂತೆಲ್ಲ ಕೇಳಿದ್ಮೇಲೇ ಅವರು ನೀವು ಹೇಳೋದನ್ನ ಕೇಳಿಸ್ಕೊಳ್ಳೋದು. ಆಮೇಲೆ ಹೇಳ್ಬೇಕಾಗಿರೋದು ಪ್ರತಿ ಸಲ ಅದೇ. ಆ ರೂಮಲ್ಲಿ ಏನಕ್ಕೂ ಸೈನ್ ಹಾಕ್ಬೇಡಿ, ಪೋರ್ಟಲಲ್ಲಿ ರಿಸೈನ್ ಬಟನ್ ಒತ್ತಬೇಡಿ, 'ನನಗೆ ಯೋಚನೆ ಮಾಡೋಕೆ ಟೈಮ್ ಬೇಕು, ನೀವು ಹೇಳಿದ್ದನ್ನ ಮೇಲ್ ಮಾಡಿ' ಅಂತ ಇಷ್ಟೇ ಹೇಳಿ ಎದ್ದು ಬನ್ನಿ. ಹೊರಗೆ ಬಂದ ತಕ್ಷಣ ಎಷ್ಟು ಗಂಟೆಗೆ ಶುರುವಾಯ್ತು, ರೂಮಲ್ಲಿ ಯಾರ್ಯಾರಿದ್ರು, ಯಾರು ಯಾವ ಮಾತು ಹೇಳಿದ್ರು ಬರ್ಕೊಳ್ಳಿ, ಅವತ್ತೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, 'ಈ ದಿನ ಇಷ್ಟು ಗಂಟೆಗೆ ರಾಜೀನಾಮೆ ಕೊಡಿ ಅಂತ ನನಗೆ ಹೇಳಲಾಯ್ತು, ನನಗೆ ಇಷ್ಟ ಇಲ್ಲ' ಅಂತ.

ಯಾಕೆ ಈ ಒಂದು ಸೈನಿಗೆ ಇಷ್ಟು ಗಲಾಟೆ ಅಂದ್ರೆ, ಕಂಪನಿ ತೆಗೆದ್ರೆ ಅದು ರಿಟ್ರೆಂಚ್‌ಮೆಂಟು, ಒಂದು ತಿಂಗಳ ನೋಟಿಸು, ಮುಗಿಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡ್ಬೇಕು, ಹೊಸ ಕೋಡಲ್ಲಿ ರೀಸ್ಕಿಲ್ಲಿಂಗ್ ಫಂಡಿಗೆ ಇನ್ನೊಂದು 15 ದಿನದ ಸಂಬಳ ಕಟ್ಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೂ ಆರು ತಿಂಗಳು ಮುಗಿಸಿದವರನ್ನ ಸಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ ಅಂತ ಇದೆ. ನೀವೇ ರಿಸೈನ್ ಮಾಡಿದ್ರೆ ಇದ್ಯಾವುದೂ ಇಲ್ಲ. 'ಒತ್ತಾಯ ಮಾಡಿದ್ರು' ಅಂತ ಆಮೇಲೆ ಹೇಳಿದ್ರೆ ಸಾಬೀತು ಮಾಡೋ ಹೊರೆ ನಿಮ್ಮ ತಲೆ ಮೇಲೇ. ನಿಮ್ಮ ಟೀಮಿನ ಹುಡುಗಿಗೆ ಮೂರು ತಿಂಗಳ ಸಂಬಳ ಸಿಕ್ಕಿದ್ದು ಯೂನಿಯನ್ ಲೆಟರ್‌ಹೆಡ್ ನೋಡಿ ಹೆದರಿ ಅಂತ ಅಂದ್ಕೋಬೇಡಿ, ನನ್ನ ಊಹೆ ಸರಿ ಇದ್ರೆ ಅವಳು ಅವತ್ತು ಸೈನ್ ಹಾಕಿರಲ್ಲ, ಅದಕ್ಕೆ.

ಬೆಳಗ್ಗೆ ಆದ್ರೆ ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನ. ಅಲ್ಲಿ ಸಂಧಾನದ ಮೀಟಿಂಗು. ಕಂಪನಿ ಕಡೆಯಿಂದ ಒಬ್ಬರು ಬರ್ತಾರೆ, ಫೈಲ್ ಇನ್ನೂ ಮ್ಯಾನೇಜ್‌ಮೆಂಟಿಂದ ಬಂದಿಲ್ಲ ಅಂತ ಡೇಟ್ ಕೇಳ್ತಾರೆ, ಮುಂದಿನ ಸಲ ಬೇರೆಯವರು ಬರ್ತಾರೆ, ಅವರಿಗೆ ಏನೂ ಗೊತ್ತಿರಲ್ಲ. ಸಂಧಾನದ ಹಂತದಲ್ಲಿ ವಕೀಲರನ್ನ ಕರ್ಕೊಂಡು ಬರೋ ಹಕ್ಕು ಯಾವ ಪಾರ್ಟಿಗೂ ಇಲ್ಲ, ಆದ್ರೂ ಎಲ್‌ಎಲ್‌ಬಿ ಓದಿರೋ ಎಚ್‌ಆರ್ ಆಫೀಸರ್ ಬಂದೇ ಬರ್ತಾರೆ. ನಿಮ್ಮ ಪಕ್ಕ ಕೂತಿರೋ ಮೆಂಬರ್ರು ಎರಡನೇ ಡೇಟಿಗೇ ಸುಸ್ತಾಗಿರ್ತಾರೆ. 45 ದಿನದಲ್ಲಿ ಇತ್ಯರ್ಥ ಆಗ್ಲಿಲ್ಲ ಅಂದ್ರೆ ನೇರ ಟ್ರಿಬ್ಯೂನಲ್‌ಗೆ ಹೋಗಬಹುದು, ಆದ್ರೆ ಕೆಲಸ ಹೋದ ದಿನದಿಂದ 2 ವರ್ಷದೊಳಗೆ, ಮೊದಲು 3 ವರ್ಷ ಇತ್ತು. ಆಫೀಸಲ್ಲಿ ಕೊಟ್ಟ ಪ್ರತಿ ಅರ್ಜಿಗೂ ಎರಡನೇ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳದೆ ವಾಪಸ್ ಬರೋ ಪದಾಧಿಕಾರಿ ಪದಾಧಿಕಾರಿಯೇ ಅಲ್ಲ ಅಂತ ನಮ್ಮ ಸೀನಿಯರ್ರು ಬೈತಿದ್ರು, ಈಗ ನಾನು ಬೈತೀನಿ.

ಮಧ್ಯಾಹ್ನದಿಂದ ಮೆಂಬರ್‌ಶಿಪ್. ಬ್ಯಾಂಕಲ್ಲಿ ನಮಗೆ ಚಂದಾ ಸಂಬಳದಲ್ಲೇ ಕಟ್ ಆಗಿ ಬರ್ತಿತ್ತು, ಕೇಳೋ ಕೆಲಸವೇ ಇರ್ಲಿಲ್ಲ. ಖಾಸಗಿ ಆಫೀಸಲ್ಲಿ ಒಬ್ಬೊಬ್ಬರಿಗೂ ಮೆಸೇಜ್ ಹಾಕಿ ಯುಪಿಐನಲ್ಲಿ ತರಿಸ್ಕೋಬೇಕು, ಕೇಸಿರೋವಾಗ ತಕ್ಷಣ ಕಳಿಸ್ತಾರೆ, ಸೆಟಲ್ ಆದ ತಿಂಗಳೇ ಗ್ರೂಪಿಂದ 'ಲೆಫ್ಟ್'. ಆಫೀಸ್ ನೌಕರರ ಸಂಘಟನೆಯಲ್ಲಿ ಕಷ್ಟ ಅಂದ್ರೆ ಇದೇ, ನನ್ನ ಪ್ರಕಾರ ಕಾನೂನೂ ಅಲ್ಲ ಮ್ಯಾನೇಜ್‌ಮೆಂಟೂ ಅಲ್ಲ. ಬೆಂಕಿ ಬಿದ್ದಾಗ ಬಾವಿ ತೋಡೋಕೆ ಬರೋ ಜನ ಇವರು, ಬೆಂಕಿ ಇಲ್ಲದಿದ್ದಾಗ ಅವರನ್ನ ಹಿಡಿದಿಟ್ಕೊಳ್ಳೋದೇ ಪದಾಧಿಕಾರಿಯ ನಿಜವಾದ ಕೆಲಸ. ಫ್ಯಾಕ್ಟರಿ ಥರ ಇಲ್ಲಿ ಒಂದು ಗೇಟು, ಒಂದು ಶಿಫ್ಟ್ ಸೈರನ್ ಇಲ್ಲ, ಅರ್ಧ ಜನ ಮನೆಯಿಂದ ಕೆಲಸ ಮಾಡ್ತಾರೆ, ಪಕ್ಕದ ಡೆಸ್ಕಿನವರ ಸಂಬಳ ಕೇಳೋದೇ ಅಪರಾಧ ಅನ್ನೋ ಥರ ಇರ್ತಾರೆ, ನಾನು ಟಾಪ್ ಪರ್ಫಾರ್ಮರ್ ನನಗ್ಯಾಕೆ ಯೂನಿಯನ್ ಅಂತಾರೆ, ಇಂಥವರೇ ಮೊದಲು ಫೋನ್ ಮಾಡೋದು ಅನ್ನೋದು ಬೇರೆ ಮಾತು. ಅವರನ್ನ ಹಿಡಿದಿಡೋದು ಸಣ್ಣ ಸಣ್ಣ ವಿಷಯದಿಂದ: ಪಿಎಫ್ ಟ್ರಾನ್ಸ್‌ಫರ್ ಆಗ್ತಿಲ್ಲ, ನೈಟ್ ಶಿಫ್ಟ್ ಅಲೋಯನ್ಸ್ ಕಟ್ ಆಯ್ತು, ಕ್ಯಾಬ್ ಕೊನೇ ಡ್ರಾಪ್ ಹುಡುಗೀನ ಒಬ್ಬಳೇ ಬಿಡ್ತಾರೆ, ಹೆರಿಗೆ ರಜೆ ಮುಗಿಸಿ ಬಂದೋಳನ್ನ ಕೆಲಸ ಕೊಡದೆ ಬೆಂಚಿಗೆ ಹಾಕಿದ್ರು. ಇವನ್ನ ಬಗೆಹರಿಸಿ ಕೊಟ್ರೆ ಮೆಂಬರ್ ಉಳೀತಾರೆ, ಭಾಷಣಕ್ಕೆ ಉಳಿಯಲ್ಲ.

ಇದರ ಜೊತೆ ಲೆಕ್ಕ. ರಿಜಿಸ್ಟರ್ಡ್ ಯೂನಿಯನ್ ಪ್ರತಿ ವರ್ಷ ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್‌ಗೆ ಕಳಿಸ್ಬೇಕು, ಯಾವ ಮೆಂಬರ್ ಬಂದು ಪುಸ್ತಕ ತೋರ್ಸಿ ಅಂದ್ರೂ ತೋರಿಸ್ಬೇಕು. ನೀವು ಸೇರೋ ಮುಂಚೆ ಅದನ್ನೇ ಅವರ ಹತ್ರ ಕೇಳಿ ನೋಡಿ, ಮುಖ ಹೇಗಾಗುತ್ತೆ ಅಂತ ಗೊತ್ತಾಗುತ್ತೆ.

ಫುಲ್‌ಟೈಮ್ ಬಗ್ಗೆ ನೇರವಾಗಿ ಹೇಳ್ತೀನಿ, ಈಗ ಬೇಡ. 58 ಸಾವಿರ ಬರೋ ಮನೆಗೆ ಯೂನಿಯನ್ ಗೌರವಧನ ಏನೂ ಸಾಲಲ್ಲ, ಅದೊಂದು. ಇನ್ನೊಂದು ಕಾರಣ ಜನಕ್ಕೆ ಗೊತ್ತಿರಲ್ಲ. ಸಂಘಟಿತ ವಲಯದ ಯೂನಿಯನ್ನಲ್ಲಿ ಹೊರಗಿನ, ಅಂದ್ರೆ ಆ ಉದ್ಯಮದಲ್ಲಿ ಕೆಲಸದಲ್ಲಿಲ್ಲದ ಪದಾಧಿಕಾರಿಗಳು ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಇಲ್ಲ ಐದು ಜನ, ಯಾವುದು ಕಮ್ಮಿಯೋ ಅಷ್ಟೇ ಇರಬಹುದು. ರಿಟೈರ್ ಆದೋರು, ರಿಟ್ರೆಂಚ್ ಆದೋರು ಹೊರಗಿನವರು ಅಲ್ಲ ಅಂತ ಕಾಯ್ದೆ ಹೇಳುತ್ತೆ, ಆದ್ರೆ ತಾವೇ ರಾಜೀನಾಮೆ ಕೊಟ್ಟು ಬಂದೋರಿಗೆ ಆ ರಿಯಾಯಿತಿ ಇಲ್ಲ. ಅಂದ್ರೆ ಕೆಲಸ ಬಿಟ್ಟ ದಿನದಿಂದ ಆ ನಾಲ್ಕೈದು ಸೀಟಿನ ಕ್ಯೂನಲ್ಲಿ ನೀವೂ ಒಬ್ಬರು, ಮತ್ತೆ ಯೂನಿಯನ್ನಿಗೆ ನಿಮ್ಮಿಂದ ಆಗೋ ಉಪಯೋಗವೇ ನೀವು ಫ್ಲೋರಿನ ಒಳಗಿರೋದು, ಅದೂ ಹೋಯ್ತು. ಕರೀತಿರೋರು ಒಳ್ಳೆಯವರೇ ಇರಬಹುದು, ಅವರಿಗೆ ಕೈ ಸಾಲದೆ ಕರೀತಾರೆ, ಅಷ್ಟಕ್ಕೇ ನೀವು ಹೂಂ ಅನ್ನಬೇಕಾಗಿಲ್ಲ.

ಹೊಸ ಯೂನಿಯನ್ನೇ ರಿಜಿಸ್ಟರ್ ಮಾಡೋಣ ಅಂತ ನಿಮ್ಮಲ್ಲಿ ಯಾರಾದ್ರೂ ಹುಮ್ಮಸ್ಸಲ್ಲಿ ಹೇಳ್ತಾರೆ. ಅರ್ಜಿಗೆ 7 ಜನ ಸಾಕು ಅಂತ ಎಲ್ಲರೂ ಹೇಳೋದು ಅರ್ಧ ಸತ್ಯ, ಆ ಜಾಗದ ಇಲ್ಲ ಆ ಉದ್ಯಮದ ಕಾರ್ಮಿಕರಲ್ಲಿ ಶೇಕಡ 10 ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಮೆಂಬರ್ ಬೇಕು, ಆ 100 ಹೆಸರು ಕಾಗದದ ಮೇಲೆ ಬರುತ್ತೆ. ರಿಜಿಸ್ಟರ್ ಆದ್ರೂ ಕಂಪನಿ ನಿಮ್ಮ ಜೊತೆ ಮಾತಾಡಲೇಬೇಕು ಅಂತಿಲ್ಲ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದಾಗ ಹೊಸ ಕೋಡ್ ಪ್ರಕಾರ ಒಂದೇ ಮಾತುಕತೆಯ ಯೂನಿಯನ್ ಅನ್ನಿಸ್ಕೊಳ್ಳೋಕೆ ಶೇಕಡ 51 ಜನ ಜೊತೆಗಿರಬೇಕು, ಹತ್ತು ಸಾವಿರ ಜನ ಇರೋ ಕಂಪನಿಯಲ್ಲಿ ಲೆಕ್ಕ ಹಾಕಿ. ಅದಕ್ಕೇ ಈಗಿರೋ ಯೂನಿಯನ್ನಿನ ಒಳಗೇ ಸುಮ್ಮನೆ ಮೆಂಬರ್ ಆಗಿ, ಹೆಸರು ಹೊರಗೆ ಬಿಡದೆ ಒಂದು ಸಣ್ಣ ಗುಂಪು ಕಟ್ಟೋದೇ ನಿಮಗೆ ಸರಿ ಅಂತ ನನಗನ್ನಿಸುತ್ತೆ. ಇದರಲ್ಲೂ ರಿಸ್ಕ್ ಇದೆ. ನಿಧಾನ ಆಗುತ್ತೆ, ಅಷ್ಟರಲ್ಲಿ ಇನ್ನೂ ಕೆಲವರ ಕೆಲಸ ಹೋಗುತ್ತೆ, ಗುಟ್ಟು ಅನ್ನೋದು ಒಂದಲ್ಲ ಒಂದಿನ ಹೊರಗೆ ಬಿದ್ದೇ ಬೀಳುತ್ತೆ. ಆಗ ನಿಮ್ಮ ಹಿಂದೆ ಎಷ್ಟು ಜನ ನಿಲ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ.

ಗುಂಪು ಕಟ್ಟೋದು ಹೇಗೆ ಅಂದ್ರೆ, ಜೋರಾಗಿ ಮಾತಾಡೋರನ್ನ ಮೊದಲು ಹುಡುಕ್ಬೇಡಿ. ಮೆಡಿಕಲ್ ಕ್ಲೇಮ್ ಹೇಗೆ ಹಾಕೋದು, ಟ್ಯಾಕ್ಸ್ ಡಿಕ್ಲರೇಶನ್ ಹೇಗೆ ತುಂಬೋದು ಅಂತ ಫ್ಲೋರಿನವರೆಲ್ಲ ಯಾರನ್ನ ಕೇಳ್ತಾರೋ ಅವರು ನಿಮಗೆ ಬೇಕು, ಪ್ರತಿ ಪ್ರಾಸೆಸ್ಸಿಗೂ ಅಂಥವರು ಒಬ್ಬರು ಇದ್ದೇ ಇರ್ತಾರೆ. ಗೇಟಿನ ಹೊರಗಿನ ಟೀ ಅಂಗಡಿ, ಶಿಫ್ಟ್ ಕ್ಯಾಬು, ಭಾನುವಾರದ ಕಬ್ಬನ್ ಪಾರ್ಕು, ಎದುರೆದುರು ಕೂತೇ ಮಾತಾಡಿ. ಕಂಪನಿ ಲ್ಯಾಪ್‌ಟಾಪು, ಟೀಮ್ಸು, ಔಟ್‌ಲುಕ್ಕು, ಆಫೀಸ್ ವೈಫೈ ಇದರಲ್ಲಿ ಒಂದಕ್ಷರ ಬೇಡ. ದೊಡ್ಡ ವಾಟ್ಸಾಪ್ ಗ್ರೂಪೂ ಬೇಡ, ಇನ್ನೂರು ಜನರ ಗ್ರೂಪಲ್ಲಿ ಹಾಕಿದ ಮೆಸೇಜಿನ ಸ್ಕ್ರೀನ್‌ಶಾಟು ನೀವು ಟೀ ಕುಡಿದು ಬರೋದ್ರೊಳಗೆ ಎಚ್‌ಆರ್ ಹತ್ರ ಇರುತ್ತೆ.

ಆಗಲೇ ಡೇಟಾ ಅಂದೆನಲ್ಲ, ಅದು ಇದು. ಸಾಕ್ಷಿಗಿರ್ಲಿ ಅಂತ ಜನ ಟೀಮಿನ ರೇಟಿಂಗ್ ಶೀಟು, ಕ್ಲೈಂಟ್ ಮೇಲು ಎಲ್ಲಾ ಪರ್ಸನಲ್ ಮೇಲಿಗೆ ಫಾರ್ವರ್ಡ್ ಮಾಡ್ಕೋತಾರೆ. ಕಂಪನಿಗೆ ಅಷ್ಟು ಸಾಕು, ಯೂನಿಯನ್ ವಿಷಯವೇ ಬರಲ್ಲ, ಡೇಟಾ ಕಳ್ಳತನ ಅಂತ ಮಾಡಿ ಅದೇ ದಿನ ಲಾಗಿನ್ ಕಟ್. ನೀವಂತೂ ಪೇಶೆಂಟ್‌ಗಳ ಕ್ಲೇಮ್ ನೋಡೋರು, ಇನ್ನೂ ಹುಷಾರು. ಇಟ್ಕೋಬೇಕಾಗಿರೋದು ನಿಮ್ಮ ಸ್ವಂತ ಕಾಗದ ಮಾತ್ರ, ಅಪಾಯಿಂಟ್‌ಮೆಂಟ್ ಲೆಟರು, ಪೇ ಸ್ಲಿಪ್ಪುಗಳು, ಇಂಕ್ರಿಮೆಂಟ್ ಪ್ರಮೋಶನ್ ಲೆಟರು, ಪಿಎಫ್ ಪಾಸ್‌ಬುಕ್ಕು. ಪ್ರಿಂಟ್ ತೆಗೆದು ಹಾಸನದ ಮನೇಲಿ ಒಂದು ಸೆಟ್ ಇಡಿ. ಮತ್ತೆ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕೆ ಜಾಗ ಕೊಡ್ಬೇಡಿ, ಲಾಗಿನ್ ಟೈಮು, ಕ್ವಾಲಿಟಿ ಸ್ಕೋರು ಎಲ್ಲಾ ಎಲ್ಲರಿಗಿಂತ ಚೊಕ್ಕವಾಗಿರಲಿ. ಸಂಘಟನೆ ಮಾಡೋರು ಆಫೀಸಿಗೆ ಲೇಟಾಗಿ ಬಂದ್ರೆ ಜೊತೆಯವರಿಗೇ ಮರ್ಯಾದೆ ಹೋಗುತ್ತೆ.

ಇನ್ನೊಂದು ದಾರಿ ಇದೆ, ಯೂನಿಯನ್‌ನವರು ಅದನ್ನ ಸಪ್ಪೆ ಅಂತಾರೆ, ನನಗೆ ಇಷ್ಟ. 20 ಇಲ್ಲ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಡೆ ನೌಕರರ ದೂರು ಕೇಳೋ ಗ್ರೀವೆನ್ಸ್ ಕಮಿಟಿ ಇರಲೇಬೇಕು, ಅರ್ಧ ಮ್ಯಾನೇಜ್‌ಮೆಂಟ್ ಅರ್ಧ ನೌಕರರು. ರಾಜ್ಯ ಸರ್ಕಾರ ಐಟಿಗೆ ವಿನಾಯಿತಿ ಕೊಡೋವಾಗ್ಲೂ ಈ ಕಮಿಟಿ ಇರಬೇಕು, ಸಸ್ಪೆಂಡು ವಜಾ ಮಾಡಿದ್ರೆ ಕಾರ್ಮಿಕ ಇಲಾಖೆಗೆ ತಿಳಿಸ್ಬೇಕು ಅಂತ ಷರತ್ತು ಹಾಕಿದೆ. ಎಷ್ಟೋ ಕಂಪನಿಯಲ್ಲಿ ಇದು ಪಾಲಿಸಿ ಪಿಡಿಎಫ್‌ನಲ್ಲಿ ಮಾತ್ರ ಇರುತ್ತೆ. ನಮ್ಮ ಕಡೆಯ ಸದಸ್ಯರು ಯಾರು, ಹೇಗೆ ಆರಿಸಿದ್ರಿ ಅಂತ ಐದಾರು ಜನ ಸೇರಿ ವಿನಯವಾಗಿ ಒಂದು ಮೇಲ್ ಹಾಕಿ. ಇದನ್ನ ಕೇಳಿದ್ದಕ್ಕೆ ಯಾರನ್ನೂ ತೆಗೆಯೋಕೆ ಸುಲಭ ಅಲ್ಲ, ಉತ್ತರ ಹೇಗೆ ಬರುತ್ತೆ ಅನ್ನೋದರಲ್ಲೇ ಕಂಪನಿ ಮನಸ್ಸು ಗೊತ್ತಾಗುತ್ತೆ, ಆ ಐದಾರು ಜನರಲ್ಲಿ ಯಾರು ಕೊನೇ ಗಳಿಗೆಯಲ್ಲಿ ಹೆಸರು ತೆಗೆಸ್ತಾರೆ ಅನ್ನೋದೂ ಗೊತ್ತಾಗುತ್ತೆ.

ಅಪ್ಪನ ಹತ್ರ ವಾದ ಮಾಡೋಕೆ ಹೋಗ್ಬೇಡಿ. ಕೆಲಸ ಬಿಡ್ತಿಲ್ಲ ಅಂತ ಮೊದಲು ಹೇಳಿ, ಅರ್ಧ ಗಲಾಟೆ ಅಲ್ಲೇ ಮುಗಿಯುತ್ತೆ. ಆರು ತಿಂಗಳ ಮನೆ ಖರ್ಚು ಬ್ಯಾಂಕಲ್ಲಿ ಬೇರೆ ಇಡಿ, ಅದು ಆಗೋವರೆಗೂ ಯಾವ ಕಾಗದದ ಮೇಲೂ ಪದಾಧಿಕಾರಿ ಅಂತ ನಿಮ್ಮ ಹೆಸರು ಬರೋದು ಬೇಡ ಅಂತ ಯೂನಿಯನ್‌ನವರಿಗೆ ಸ್ಪಷ್ಟವಾಗಿ ಹೇಳಿ, ಸರಿಯಾದ ಯೂನಿಯನ್ ಆದ್ರೆ ಒಪ್ತಾರೆ. ಮತ್ತೆ ನಿಮ್ಮ ಟೀಮಿಂದ ಈಗಾಗ್ಲೇ ಹೋದ ನಾಲ್ಕು ಜನರಲ್ಲಿ ಉಳಿದ ಮೂವರು ಯಾವ ತಾರೀಖಿಗೆ, ಹೇಗೆ ರಿಸೈನ್ ಮಾಡಿದ್ರು ಅಂತ ಈ ವಾರವೇ ಫೋನ್ ಮಾಡಿ ಕೇಳಿ. 2 ವರ್ಷದ ಲೆಕ್ಕ ಅವರಿಗೆ ಆಗಲೇ ಶುರುವಾಗಿದೆ, ಅವರಿಗೆ ಅದನ್ನ ಯಾರೂ ಹೇಳಿರಲ್ಲ.